ಎಳೆ ಹಿಡಿಯದ ಉಗುರು

ಇಳಕಲ್ಲಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಗೆ ನಾನು ವಾರಕ್ಕೊಮ್ಮೆ ಉಗುರು ಕತ್ತರಿಸಿಕೊಡುತ್ತಿದ್ದೆ. ವರ್ಷಾನುಗಟ್ಟಲೆ ಸೀರೆ ನೇಯ್ದ ಕೈ ಅದು. ಸಂಧಿವಾತದಿಂದ ಗೆಣ್ಣುಗಳು ಊದಿ, ಬೆರಳುಗಳು ಸೊಟ್ಟಗಾಗಿ, ನೇಲ್‌ಕಟರ್ ಒತ್ತುವ ಬಲ ಉಳಿದಿರಲಿಲ್ಲ. ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿಕೊಂಡು, ರಾಣಿಯ ಹಾಗೆ ಕಟ್ಟೆಯ ಮೇಲೆ ಕೂತು ನನ್ನ ದಾರಿ ಕಾಯುತ್ತಿದ್ದರು.

ಕತ್ತರಿಸಿದ ಮಾತ್ರಕ್ಕೆ ಕೆಲಸ ಮುಗಿಯುತ್ತಿರಲಿಲ್ಲ. ಒಂದೊಂದೇ ಉಗುರನ್ನು ತಮ್ಮ ಸೀರೆಯ ರೇಷ್ಮೆ ಸೆರಗಿನ ಮೇಲೆ ಮೆಲ್ಲಗೆ ಎಳೆದು ನೋಡುತ್ತಿದ್ದರು. ಅದು ನೇಯುವವರ ಪರೀಕ್ಷೆ. ಒರಟು ಉಗುರು ರೇಷ್ಮೆಯ ಎಳೆಯನ್ನು ಕಿತ್ತುಬಿಡುತ್ತದೆ.

“ಎಳಿ ಹಿಡೀತು ನೋಡ ತಂಗೀ. ಇನ್ನೊಮ್ಮಿ ಉಜ್ಜು.”

ಮಗ್ಗ ಬಿಟ್ಟು ಎಷ್ಟೋ ವರ್ಷವಾಯಿತಲ್ಲ, ಇನ್ನೂ ಯಾಕಿಷ್ಟು ನಾಜೂಕು ಎಂದು ಕೇಳಿದರೆ, “ಮಗ್ಗ ಬಿಟ್ಟೇನಿ, ಸೀರಿ ಬಿಟ್ಟಿಲ್ಲಲ್ಲ?” ಎಂದು ನಗುತ್ತಿದ್ದರು.

ಆದರೂ ಇನ್ನೊಬ್ಬರ ಮುಂದೆ ಕೈ ಚಾಚಿ ಕೂರುವುದು ಅವರಿಗೆ ಒಗ್ಗಿರಲಿಲ್ಲ. ಒಂದು ಭಾನುವಾರ ಹೋದಾಗ ಬೋಗುಣಿ ಕಾಣಲಿಲ್ಲ. ಉಗುರು ಉಜ್ಜುವ ಪಟ್ಟಿಯನ್ನು ಮಗನ ಕೈಯಿಂದ ಮಣೆಯೊಂದಕ್ಕೆ ಬಿಗಿಯಾಗಿ ಕಟ್ಟಿಸಿಕೊಂಡು, ಅಜ್ಜಿ ಅದರ ಮೇಲೆ ಬೆರಳನ್ನೇ ಹಿಂದೆ ಮುಂದೆ ಆಡಿಸುತ್ತಿದ್ದರು. ಏನನ್ನೂ ಹಿಡಿಯುವ ಗೋಜೇ ಇಲ್ಲ!

“ದಿನಾ ಒಂದೀಟು ಉಜ್ಜಿದ್ರ ಕತ್ತರಿಸೋದ ಬ್ಯಾಡ,” ಎಂದು ಹತ್ತೂ ಬೆರಳನ್ನು ಸೆರಗಿನ ಮೇಲೆ ಎಳೆದು ತೋರಿಸಿದರು. ಒಂದೂ ಎಳೆ ಹಿಡಿಯಲಿಲ್ಲ.

“ಹಂಗಾರ ನನ್ನ ಕೆಲಸ ಹೋತೇನ್ರಿ ಅಜ್ಜಿ?” ಎಂದೆ.

ಅವರು ನನ್ನ ಕೈ ಎಳೆದುಕೊಂಡು, ಹೆಬ್ಬೆರಳನ್ನು ಸೆರಗಿನ ಮೇಲೆ ಆಡಿಸಿದರು. ಪಟ್ಟನೆ ಎಳೆ ಸಿಕ್ಕಿಕೊಂಡಿತು.

“ಇಂಥಾ ಉಗುರು ಇಟ್ಕೊಂಡು ನನ್ನವು ತಗೀಲಿಕ್ಕೆ ಬರ್ತಿದ್ದೇನ ನೀ? ಕುಂದ್ರು ಇಲ್ಲೆ,” ಎಂದು ಮಣೆಯನ್ನು ನನ್ನ ಮುಂದೆ ಸರಿಸಿದರು.