ಗಿರಿಜಕ್ಕನ ತಾಸಿನ ಲೆಕ್ಕ

ಗಿರಿಜಕ್ಕನ ಮೇಜಿನ ಮೇಲೆ ಒಂದು ಭೂಗೋಳ, ಪಕ್ಕದಲ್ಲಿ ಹೂ ಕಟ್ಟುವ ದಾರ. ಯಾರು ಟಿಕೆಟ್ ಕೇಳಿದರೂ ದಾರದ ತುದಿಯನ್ನು ಮುಂಬಯಿಯ ಮೇಲೆ ಹೆಬ್ಬೆರಳಿನಿಂದ ಒತ್ತಿ, ಅವರು ಹೇಳಿದ ಊರಿನವರೆಗೆ ಬಿಗಿಯಾಗಿ ಎಳೆಯುತ್ತಿದ್ದರು. "ಇದು ವಿಮಾನದ ಹಾದಿ. ಈಗ ನಿನ್ನ ಹಾದಿ ಹೇಳು. ಮನಿ ಎಲ್ಲಿ?"

ವಿಜಯಪುರದ ಕಡೆಯವರು. ಮುಂಬಯಿಯ ಫೋರ್ಟಿನಲ್ಲಿ ಉಡುಪಿ ಹೋಟೆಲೊಂದರ ಮೇಲಿನ ಒಂದೇ ಕೋಣೆಯಲ್ಲಿ ಟ್ರಾವೆಲ್ ಏಜೆನ್ಸಿ ನಡೆಸುತ್ತಿದ್ದರು. ತಾಯಿಯನ್ನು ಕಳಿಸುವವರು ಲಂಡನ್ನಿಗೆ ಎಷ್ಟು ಹೊತ್ತು ಎಂದರೆ, "ವಿಮಾನಕ್ಕ ಒಂಬತ್ತ ತಾಸು, ನಿಮ್ಮವ್ವಗ ಹದಿನಾರು" ಎನ್ನುವರು. ಸಯನ್ ಸರ್ಕಲ್ಲಿನ ಟ್ರಾಫಿಕ್ಕು, ಇಮಿಗ್ರೇಷನ್ನಿನ ಸಾಲು, ವೀಲ್‌ಚೇರಿಗೆ ಕಾಯುವುದು ಎಲ್ಲವೂ ಅದರಲ್ಲಿ ಸೇರಿರುತ್ತಿತ್ತು. ಅಂಥವರಲ್ಲಿ ಗ್ರಾಂಟ್ ರೋಡಿನ ಲಾಡ್ಜ್ ಮಾಲೀಕರೊಬ್ಬರು ಫೋನು ಹಿಡಿದು, ಇದರಲ್ಲಿ ಇನ್ನೂ ಬೇಗ ಮುಟ್ಟುವ ವಿಮಾನವಿದೆ ಎಂದು ವಾದಿಸಿದಾಗ ಅವರು ಹೇಳಿದ್ದು ಇಷ್ಟೇ: "ಇಂಟರ್‌ನೆಟ್ ನಿಮ್ಮವ್ವನ ಮೊಣಕಾಲು ನೋಡಿಲ್ರೀ."

ಆಕ್ಲೆಂಡಿನಲ್ಲಿದ್ದ ನನ್ನಣ್ಣ ಹಠಾತ್ತನೆ ತೀರಿಕೊಂಡ ದಿನ ಮಧ್ಯಾಹ್ನ ನಾನು ಅವರಲ್ಲಿಗೆ ಓಡಿದೆ. ಮುಂದಿನ ತಿಂಗಳು ಅವನ ಮನೆಗೆ ಹೋಗಲೆಂದು ತೆಗೆಸಿದ್ದ ವೀಸಾ ಕೈಯಲ್ಲಿತ್ತು.

"ನಾಳೆ ಸಂಜೆ ನಾಲ್ಕಕ್ಕೆ ಸಂಸ್ಕಾರ. ರಾತ್ರಿ ಹೊರಟರೆ ಹದಿನಾರು ಗಂಟೆ ಅಂತ ಫೋನಲ್ಲಿದೆ. ಮುಟ್ತೀನಲ್ಲ?"

ಪಕ್ಕದ ರಸ್ತೆಯ ಏಜೆಂಟು ಆಗಲೇ "ಹೋ ಜಾಯೇಗಾ" ಎಂದು ಭರವಸೆ ಕೊಟ್ಟಿದ್ದ.

"ಮುಟ್ಟೂದಿಲ್ಲ ತಮ್ಮಾ," ಎಂದರು ಗಿರಿಜಕ್ಕ. "ಹದಿನಾರ ತಾಸು ಬರೇ ಹಾರೂದು. ನಡುವ ಇಳದು ಕಾಯೂದೈತಿ. ಅಲ್ಲಿ ಗಡಿಯಾರ ಏಳೂವರಿ ತಾಸು ಮುಂದ ಐತಿ. ನೀ ಮನಿ ಸೇರೂದು ನಾಡಿದ್ದು ಬೆಳಗಿನ್ಯಾಗ."

ಅವರು ನೀರು ಕೊಟ್ಟು, "ನಿಮ್ಮತ್ತಿಗಿಗೆ ಫೋನ್ ಹಚ್ಚು. ಒಂದಿನ ತಡೀರಿ ಅನ್ನು" ಎಂದರು.

"ಇಂಥ ಹೊತ್ತಲ್ಲಿ ಹೇಗೆ ಕೇಳಲಿ ಅಕ್ಕ?"

"ವಿಮಾನ ತಡಿಯೂದಿಲ್ಲ. ಮನುಷ್ಯಾರು ತಡೀತಾರ. ಕೇಳು."

ಫೋನ್ ಹಚ್ಚಿದೆ; ಮಕ್ಕಳ ವಿಷಯವನ್ನಷ್ಟೇ ಕೇಳಿದೆ. ಗಿರಿಜಕ್ಕನೇ ಇಸಿದುಕೊಂಡರು. "ತಂಗೀ, ನಾ ಟಿಕೆಟ್ ಮಾಡಾಕಿ. ಇಂವಾ ಅಣ್ಣನ ಮಾರಿ ನೋಡಬೇಕಂತ ಕುಂತಾನ. ನಿನಗ ಕೇಳಾಕ ಬಾಯಿ ಬರವಲ್ತು." ಆ ಕಡೆಯಿಂದ ಅತ್ತಿಗೆ ಬಹಳ ಹೊತ್ತು ಅತ್ತದ್ದು ನನಗೂ ಕೇಳಿಸಿತು. ಆಮೇಲೆ, "ಬರಲಿ, ಕಾಯ್ತೀವಿ" ಎಂದಳು.

ಅವರು ಹೇಳಿದ ನಾಡಿದ್ದು ಬೆಳಿಗ್ಗೆಯೇ ತಲುಪಿದೆ. ಅಣ್ಣನ ಮುಖ ನೋಡಿದೆ, ಹೆಗಲು ಕೊಟ್ಟೆ. ಮರಳಿ ಬಂದು ಕೃತಜ್ಞತೆ ಹೇಳಲು ಹೋದರೆ ಗಿರಿಜಕ್ಕ ಕೇಳಿದ್ದು ಒಂದೇ: "ನಿಮ್ಮತ್ತಿಗಿ ಊಟಾ ಮಾಡಾಕತ್ತಾಳೇನು?"

ಹೋದ ತಿಂಗಳು ಅತ್ತಿಗೆ ಮಕ್ಕಳೊಂದಿಗೆ ಮುಂಬಯಿಗೆ ಬರುವ ಮಾತೆದ್ದಾಗ ಮತ್ತೆ ಫೋರ್ಟಿಗೆ ಹೋದೆ. ಮೇಲಿನ ಕೋಣೆಗೆ ಬೀಗ. ಕೆಳಗೆ ಹೋಟೆಲಿನ ಗಲ್ಲಾದಲ್ಲಿದ್ದ ಶೆಟ್ಟರು ನನ್ನನ್ನು ಕೂರಿಸಿ, "ಅಕ್ಕ ಹೋಗಿ ಮೂರು ತಿಂಗಳಾಯ್ತು ಮಾರಾಯ್ರೆ. ನಿದ್ದೆಯಲ್ಲೇ" ಎಂದರು. "ಈಗ ಟಿಕೆಟ್ ಎಲ್ಲರ ಫೋನಲ್ಲೇ ಉಂಟಲ್ಲ? ಆದರೂ ದಿನಕ್ಕೊಬ್ಬರಾದರೂ ಮೆಟ್ಟಿಲು ಹತ್ತಿ ಹೋಗ್ತಾರೆ. ಏನು ಕೇಳ್ಲಿಕ್ಕೆ ಬರ್ತಾರೋ ಗೊತ್ತಿಲ್ಲ."

ಮೆಟ್ಟಿಲು ಹತ್ತಿ ಇಳಿದಿದ್ದ ನನ್ನ ಫೋನಿನಲ್ಲೂ ಆಕ್ಲೆಂಡಿನ ವಿಮಾನಗಳ ಪಟ್ಟಿ ತೆರೆದೇ ಇತ್ತು.