ಗೂಡು ಹೊಲಿದ ಮೇಷ್ಟ್ರು

ಸಿಲಿಂಡರಿಗೆ ಎರಡು ಕೈಗಳಿರುತ್ತವೆ ಎಂದು ಯಾವ ಪಠ್ಯಪುಸ್ತಕವೂ ನನಗೆ ಹೇಳಿರಲಿಲ್ಲ. ಮೂವತ್ತೆರಡು ವರ್ಷ ಶಿಡ್ಲಘಟ್ಟದ ಸುತ್ತಮುತ್ತಲ ಹೈಸ್ಕೂಲುಗಳಲ್ಲಿ ಲೆಕ್ಕ ಕಲಿಸಿ ನಿವೃತ್ತನಾದವನು ನಾನು. ಸಿಲಿಂಡರಿನ ಮೇಲ್ಮೈ ವಿಸ್ತೀರ್ಣ ಎಷ್ಟೆಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಆ ಧೈರ್ಯದ ಮೇಲೆಯೇ ಮೊಮ್ಮಗಳಿಗೆ ವೇಷದ ಬಟ್ಟೆ ಹೊಲಿಯಲು ಕೂತೆ. ಎತ್ತರ ಅಳೆದೆ, ಸುತ್ತಳತೆ ಅಳೆದೆ, ಗುಣಿಸಿದೆ, ಕತ್ತರಿಸಿದೆ, ಹೊಲಿದೆ. ಮಗು ಅದರೊಳಗೆ ಇಳಿದು ನಿಂತು, ಸ್ವಲ್ಪ ಹೊತ್ತು ಒದ್ದಾಡಿ, "ತಾತ, ಕೈ ಎಲ್ಲಿಂದ ಹೊರಗೆ ಹಾಕ್ಲಿ?" ಎಂದು ಕೇಳಿತು.

ಹೊಲಿಗೆ ಬಲ್ಲವರು ನಗುತ್ತಿರಬಹುದು. ನಗಿ. ನಮ್ಮ ಮನೆಯಲ್ಲಿ ಹೊಲಿಗೆ ಬಲ್ಲವಳು ನನ್ನ ಹೆಂಡತಿ ಸರೋಜ, ಅವಳೂ ನಕ್ಕಳು. ಅವಳೇ ಹೊಲಿಯಬಹುದಿತ್ತು. ಆದರೆ ತುಳಸಿಕಟ್ಟೆ ತೊಳೆಯುವಾಗ ಜಾರಿ ಬಿದ್ದು, ಬಲಗೈ ಮುರಿದುಕೊಂಡು, ಮೊಣಕೈವರೆಗೂ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಕೈ ಕಟ್ಟಿದ ವೈದ್ಯರು ಬಾಯಿಗೆ ಏನೂ ಕಟ್ಟಿರಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, "ಬಟ್ಟೆ ಎಳೀಬೇಡ್ರೀ, ಅದೇ ಹೋಗುತ್ತೆ", "ಚಕ್ರ ಹಿಂದಕ್ಕೆ ತಿರುಗ್ತಾ ಇದೆ ನೋಡ್ರೀ", "ಬಾಬಿನ್‌ನಲ್ಲಿ ದಾರ ಮುಗಿದು ಎಷ್ಟೊತ್ತಾಯ್ತು, ಬರೀ ತೂತು ಹಾಕ್ತಾ ಇದೀರ" ಎಂದು ಹೇಳುತ್ತಲೇ ಇದ್ದಳು. ನನ್ನ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗರಿಗೆ ನಾನು ಇಷ್ಟು ಕಾಟ ಕೊಟ್ಟಿದ್ದರೆ ಅವರೆಲ್ಲ ಏನಾಗಿರುತ್ತಿದ್ದರೋ.

ಈ ಉಸಾಬರಿ ನನ್ನ ತಲೆಗೆ ಬಂದದ್ದು ಹೀಗೆ. ಮೊಮ್ಮಗಳು ಮಾನ್ಯ ಎರಡನೇ ಕ್ಲಾಸು. ಮಗ ಸೊಸೆ ಇಬ್ಬರೂ ಬೆಳಗ್ಗೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಅಲ್ಲಿಯವರೆಗೆ ಅವಳು ನಮ್ಮ ಪಾಲು. ಹೋದ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳು ಗುಲಾಬಿ ಹೂವಾಗಿದ್ದಳು. ವೇದಿಕೆಗೆ ಹೋದಳು, ಎದುರಿಗೆ ಕೂತ ಜನರನ್ನು ನೋಡಿದಳು, ಅಲ್ಲೇ ಕುಕ್ಕರಿಸಿ ದಳಗಳನ್ನು ಮೇಲಕ್ಕೆತ್ತಿ ಮುಖ ಮುಚ್ಚಿಕೊಂಡಳು. ಮಿಸ್ಸು ಬಂದು ಎತ್ತಿಕೊಂಡು ಹೋಗಬೇಕಾಯಿತು. ಜನ ಚಪ್ಪಾಳೆ ತಟ್ಟಿ ನಕ್ಕರು. ಅಂದಿನಿಂದ ಮನೆಗೆ ಯಾರೇ ಬಂದು ಹೆಸರು ಕೇಳಿದರೂ ಮಗು ಅಜ್ಜಿಯ ಸೆರಗಿನ ಹಿಂದೆ. ನನಗೆ ಅದು ಬಹಳ ನೋವಿನ ಸಂಗತಿಯಾಗಿತ್ತು, ಯಾರಿಗೂ ಹೇಳಿಕೊಂಡಿರಲಿಲ್ಲ ಅಷ್ಟೆ.

ಈ ವರ್ಷ ಶಾಲೆಯವರು 'ನಮ್ಮ ಜಿಲ್ಲೆ' ಎಂದು ಚೀಟಿ ಎತ್ತಿಸಿದರು. ಒಬ್ಬನಿಗೆ ದ್ರಾಕ್ಷಿ, ಒಬ್ಬಳಿಗೆ ಟೊಮೆಟೊ, ಒಬ್ಬನಿಗೆ ನಂದಿ ಬೆಟ್ಟ. ಮಾನ್ಯಳ ಚೀಟಿಯಲ್ಲಿ ರೇಷ್ಮೆ. "ನಾನು ಹೋಗಲ್ಲ" ಎಂದಳು. ಸರೋಜ ಮುದ್ದು ಮಾಡಿ ಕೇಳಿದಳು, ಸೊಸೆ ಗದರಿಸಿದಳು. ಕೊನೆಗೆ, "ಮುಖ ಕಾಣಬಾರದು. ಹಂಗಾದ್ರೆ ಹೋಗ್ತೀನಿ" ಎಂದಳು. ಆಗ ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. "ರೇಷ್ಮೆ ಗೂಡು ಆಗು ಕಣಮ್ಮ. ಗೂಡಿನ ಒಳಗೇ ಇರ್ತೀಯ. ಯಾರಿಗೂ ಕಾಣಲ್ಲ. ಒಳಗಿಂದಲೇ ನಾಲ್ಕು ಮಾತು ಹೇಳಿ ಬಂದುಬಿಡು. ನಾನೇ ಹೊಲಿದುಕೊಡ್ತೀನಿ" ಎಂದೆ. ಅವಳು ನನ್ನ ಕೈ ಮೇಲೆ ಕೈಯಿಟ್ಟು, "ಪ್ರಾಮಿಸ್ಸಾ ತಾತ?" ಎಂದಳು. ಪ್ರಾಮಿಸ್ ಎಂದೆ. ಮಾತು ಕೊಟ್ಟಾಯಿತು. ಇನ್ನು ಅದು ಕೆಟ್ಟರೆ ಮಗು ಎಂದಿಗೂ ವೇದಿಕೆ ಹತ್ತುವುದಿಲ್ಲ ಎಂಬ ಭಯ ಹೊಲಿಗೆ ಮಿಷನ್ನಿನ ಜೊತೆಗೇ ನನ್ನ ಎದೆಯಲ್ಲೂ ಕಟಕಟ ಎನ್ನುತ್ತಿತ್ತು.

ಬಾಡಿಗೆಗೆ ಸಿಗುತ್ತದೆಯೇನೋ ಎಂದು ಮೊದಲು ಚಿಂತಾಮಣಿಗೆ ಹೋಗಿದ್ದು ನಿಜ. ಅಲ್ಲಿ ವೇಷದ ಅಂಗಡಿಯವನು ನನ್ನನ್ನು ಮೇಲೆ ಕೆಳಗೆ ನೋಡಿದ. "ಗೂಡಾ? ಏಂ ಸಾರ್, ಹುಲಿ ಇದೆ, ಕೃಷ್ಣ ಇದೆ, ಟೊಮೆಟೊ ಬೇಕಾದ್ರೂ ಇದೆ. ಗೂಡು ಯಾರು ಸಾರ್ ಆಗ್ತಾರೆ?" ಎಂದ. ಸುತ್ತಲಿನ ಅರ್ಧ ಊರು ಗೂಡಿನಿಂದ ಊಟ ಮಾಡುತ್ತದೆ; ಆದರೆ ಗೂಡು ಆಗಬೇಕೆಂದು ಇಲ್ಲಿಯವರೆಗೆ ಯಾರಿಗೂ ಅನ್ನಿಸಿಲ್ಲ. ಅಲ್ಲೇ ಪಕ್ಕದ ಅಂಗಡಿಯಲ್ಲಿ ಹಳದಿ ಸ್ಯಾಟಿನ್ ಬಟ್ಟೆ ಕೊಂಡು ಬಂದೆ.

ಸ್ಯಾಟಿನ್ ಬಟ್ಟೆಯನ್ನು ಕಂಡುಹಿಡಿದವನು ನನ್ನ ಕೈಗೆ ಸಿಕ್ಕರೆ ಎರಡು ಮಾತು ಆಡಬೇಕಿದೆ. ಮೇಜಿನ ಮೇಲೆ ಹಾಸಿದರೆ ನೆಲಕ್ಕೆ ಜಾರುತ್ತದೆ, ನೆಲದಲ್ಲಿ ಹಾಸಿದರೆ ಮಂಚದ ಕೆಳಗೆ ಸರಿಯುತ್ತದೆ. ಗೆರೆ ಎಳೆದು ಕತ್ತರಿಸಿದರೆ ಕತ್ತರಿಯ ಬಾಯಿಂದ ತಪ್ಪಿಸಿಕೊಂಡು ಸೊಟ್ಟಗಾಗುತ್ತದೆ. ಹೊಲಿಗೆಗೆಂದು ಅಂಚಿನಲ್ಲಿ ಒಂದಿಷ್ಟು ಬಟ್ಟೆ ಬಿಡಬೇಕೆಂಬುದು ನನ್ನ ಗುಣಾಕಾರದಲ್ಲಿ ಇರಲೇ ಇಲ್ಲ. ಮೊದಲ ಸಲ ಹೊಲಿದಾಗ ಅದು ಮಾನ್ಯಳ ಸೊಂಟದಲ್ಲೇ ನಿಂತಿತು. ಎರಡನೇ ಸಲ ಸಡಿಲ ಬಿಟ್ಟೆ; ಆಗಲೇ ಕೈಗಳು ಮರೆತುಹೋದದ್ದು. ಮೂರನೇ ಸಲ ಕೈ ಬಂತು, ಆದರೆ ಮಂಡಿ ಮಡಚುವಂತಿರಲಿಲ್ಲ. ಮಗು ಹಜಾರದ ಒಂದು ತುದಿಯಿಂದ ಇನ್ನೊಂದಕ್ಕೆ ಕುಪ್ಪಳಿಸುತ್ತಾ ಹೋಗಿ ಗೋಡೆಗೆ ಹಣೆ ಬಡಿಸಿಕೊಂಡಿತು. ನಾಲ್ಕನೇ ಸಲ ಎಲ್ಲವೂ ಸರಿಯಾಯಿತು ಎಂದು ಗೆದ್ದ ಸಂಭ್ರಮದಲ್ಲಿ ಎದ್ದು ನಿಂತೆ. ನನ್ನ ಪಂಚೆಯ ಅಂಚೂ ಅದಕ್ಕೆ ಸೇರಿ ಹೊಲಿಗೆಯಾಗಿತ್ತು. ಸರೋಜ ನಕ್ಕು ನಕ್ಕು ಪ್ಲಾಸ್ಟರ್ ಕೈಯಿಂದಲೇ ಕಣ್ಣೊರೆಸಿಕೊಂಡಳು.

ನಮ್ಮ ಹಿರಿಯರು ಹೊಲಿಗೆಯ ತಂಟೆಗೇ ಹೋಗಿರಲಿಲ್ಲ ಎಂಬುದು ಆಗ ನೆನಪಾಯಿತು. ಪಂಚೆ, ಸೀರೆ, ಉತ್ತರೀಯ, ರುಮಾಲು, ಒಂದಕ್ಕೂ ಸೂಜಿ ತಗುಲಬೇಕಿಲ್ಲ. ಹೊಲಿದ ಬಟ್ಟೆ ಮಡಿಗೆ ಬರುವುದಿಲ್ಲವೆಂದು ನನ್ನ ಅಜ್ಜಿ ಪೂಜೆಗೆ ಮುಂಚೆ ಅಂಗಿ ಬಿಚ್ಚಿಸುತ್ತಿದ್ದಳು. ಅದಕ್ಕೆ ಶಾಸ್ತ್ರದಲ್ಲಿ ಏನು ಕಾರಣವಿದೆಯೋ ತಿಳಿಯದು. ನನ್ನ ಅನುಮಾನವೆಂದರೆ, ಆ ನಿಯಮ ಮಾಡಿದ ಮಹಾನುಭಾವ ಎಂದೋ ಒಂದು ದಿನ ತನ್ನ ಮೊಮ್ಮಗಳಿಗೆ ಏನೋ ಹೊಲಿಯಲು ಕೂತಿದ್ದಿರಬೇಕು. ಆಗ ತನ್ನ ಬಾಯಿಂದ ಉದುರಿದ ಮಾತುಗಳನ್ನು ತಾನೇ ಕೇಳಿಸಿಕೊಂಡು, ಈ ಬಟ್ಟೆ ದೇವರ ಮುಂದೆ ಹೋಗುವುದು ಬೇಡವೆಂದು ತೀರ್ಮಾನಿಸಿರಬೇಕು.

ಐದನೇ ಪ್ರಯತ್ನದಲ್ಲಿ ಒಂದು ಆಕಾರ ಬಂತು. ಹಳೆಯ ಚಂದ್ರಿಕೆ ಬಿಚ್ಚಿ, ಅಂದರೆ ಹುಳುಗಳನ್ನು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟೆಯನ್ನು ಬಿಚ್ಚಿ, ಅದರ ಸೀಳುಗಳನ್ನು ಬಳೆಗಳಂತೆ ಬಗ್ಗಿಸಿ ಒಳಗೆ ಹೊಲಿದೆ. ತಲೆಯ ಮೇಲೆ ಮುಖ ಪೂರಾ ಮುಚ್ಚುವ ಟೋಪಿ. ಆ ಟೋಪಿಯೊಂದಕ್ಕೇ ಎರಡು ದಿನ ಹಿಡಿಯಿತು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಅದರ ಹೊಲಿಗೆ ನೇರವಾಗಿತ್ತು. ಸರೋಜಳೇ ಬೆರಳಾಡಿಸಿ ನೋಡಿ, ಹುಡುಕಿದರೂ ಒಂದು ತಪ್ಪೂ ಸಿಗದೆ ಕುರ್ಚಿಗೆ ಮರಳಿದಳು. ಮಾನ್ಯ ಮಾತ್ರ ಸುತ್ತ ಒಂದು ಪ್ರದಕ್ಷಿಣೆ ಬಂದು, "ಇದು ಗೂಡಲ್ಲ ತಾತ. ದಿಂಬು" ಎಂದಳು.

ಅವಳು ಹೇಳಿದ್ದು ಸರಿ. ಆಗ ಸರೋಜ, "ನಿಜವಾದ ಗೂಡನ್ನೇ ಮೇಲೆಲ್ಲ ಹೊಲಿದ್ರೆ ಹೆಂಗೆ?" ಎಂದಳು. ಅವಳ ತವರು ಸಾದಲಿ. ತಮ್ಮ ಮುನಿರಾಜು ಅಲ್ಲಿ ಇಂದಿಗೂ ಹುಳ ಸಾಕುತ್ತಾನೆ. ಭಾನುವಾರ ಗೂಡು ಬಿಡಿಸಿ ಮಾರುಕಟ್ಟೆಗೆ ತರುವಾಗ ದಾರಿಯಲ್ಲಿ ಗಾಡಿ ನಿಲ್ಲಿಸಿ, ಒಂದು ಚೀಲ ತುಂಬ ಇಳಿಸಿ ಹೋದ. "ಎಲ್ಲಾ ಫಸ್ಟ್ ಕ್ಲಾಸ್ ಗೂಡು ಭಾವ. ನಮ್ಮ ಪಾಪನ ವೇಷಕ್ಕೆ ಅಂದ್ಮೇಲೆ ಕೆಟ್ಟದ್ದು ಕೊಡ್ತೀನಾ?" ಎಂದ.

ಗೂಡಿಗೆ ಸೂಜಿ ಚುಚ್ಚುವ ಕಷ್ಟವನ್ನು ಯಾವ ಭಾಷೆಯಲ್ಲಿ ಹೇಳಲಿ? ಹೊರಗಿನಿಂದ ಮೆತ್ತಗೆ ಕಾಣುತ್ತದೆ, ಚುಚ್ಚಿದರೆ ಸೂಜಿ ಬಾಗುತ್ತದೆ. ಬಲವಂತ ಮಾಡಿದರೆ ಸೂಜಿ ಒಳಗಿನ ಹುಳಕ್ಕೇ ಹೋಗಿ ಕಂದು ರಸ ಹೊರಗೆ ಬರುತ್ತದೆ. ಎರಡು ಹಾಗಾದವು. ಆಮೇಲೆ ಒಂದೊಂದಕ್ಕೂ ದಾರವನ್ನು ಅಡ್ಡ ಉದ್ದ ಸುತ್ತಿ, ತುದಿಯನ್ನು ಬಟ್ಟೆಗೆ ಹೊಲಿದೆ. ಇನ್ನೂರು ಗೂಡು, ನಾಲ್ಕು ದಿನ. ಬೆರಳ ತುದಿಗಳು ಜರಡಿಯಾದವು. ಅಕ್ಕಪಕ್ಕದವರು ಬಂದು ನೋಡಿ ಹೋದರು. ಎದುರುಮನೆಯವರು ನೂಲು ಬಿಚ್ಚುವ ಕೆಲಸದವರು, ಅವರೂ ಮುಟ್ಟಿ ನೋಡಿ, "ಒಳ್ಳೆ ಗಟ್ಟಿ ಗೂಡು" ಎಂದರು. ಗುರುವಾರ ಮುಗಿಯಿತು. ಕಾರ್ಯಕ್ರಮ ಶುಕ್ರವಾರ. ಗುರುವಾರ ಸಂಜೆ ಶಾಲೆಯಿಂದ ಸುದ್ದಿ ಬಂತು: ಮುಖ್ಯ ಅತಿಥಿಗಳಿಗೆ ಬಿಡುವಿಲ್ಲ, ಸೋಮವಾರಕ್ಕೆ ಮುಂದೂಡಲಾಗಿದೆ. ನಾನು ಅದನ್ನು ಕಿಟಕಿಯ ಪಕ್ಕದ ಗೂಟಕ್ಕೆ ತೂಗುಹಾಕಿ ನೆಮ್ಮದಿಯಾಗಿ ಮೂರು ದಿನ ಉಂಡು ಮಲಗಿದೆ.

ಸೋಮವಾರ ಬೆಳಗ್ಗೆ ಸರೋಜ ಕೂಗಿದ ಕೂಗಿಗೆ ಹಾಲಿನವನೂ ಒಳಗೆ ಓಡಿ ಬಂದ. ಅರ್ಧದಷ್ಟು ಗೂಡುಗಳು ಒಡೆದಿದ್ದವು. ಒಂದೊಂದರ ತುದಿಯಲ್ಲೂ ಒದ್ದೆ ತೂತು, ಸ್ಯಾಟಿನ್ ತುಂಬ ಕಂದು ಕಲೆ. ಆ ಕಲೆಗಳ ಮೇಲೆಲ್ಲ, ಟೋಪಿಯ ಮೇಲೂ, ಬೆಳ್ಳನೆಯ ದಪ್ಪ ಚಿಟ್ಟೆಗಳು ಕೂತು ಪಟಪಟ ರೆಕ್ಕೆ ಬಡಿಯುತ್ತಿದ್ದವು.

ಗೂಡಿನಿಂದ ಚಿಟ್ಟೆ ಬರುತ್ತದೆ ಎಂದು ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ನನಗೆ ಗೊತ್ತಿತ್ತು, ಹುಟ್ಟಿದಂದಿನಿಂದ ಹುಳದ ಮನೆಯಲ್ಲಿ ಬೆಳೆದ ಸರೋಜಳಿಗೆ ಗೊತ್ತಿತ್ತು, ಮುನಿರಾಜುವಿಗೆ ಗೊತ್ತಿತ್ತು, ಎದುರುಮನೆಯವರಿಗೆ ಗೊತ್ತಿತ್ತು. ಆದರೆ ಇಲ್ಲಿ ಗೂಡು ಬಿಡಿಸಿದ ದಿನವೇ ಮಾರುಕಟ್ಟೆಗೆ ಹೋಗುತ್ತದೆ, ಅಲ್ಲಿಂದ ನೂಲು ಬಿಚ್ಚಲು ಹುಳದ ಸಮೇತ ನೇರ ಬಿಸಿನೀರಿಗೆ. ಇಟ್ಟುಕೊಂಡವರಿಲ್ಲ, ಕಾದವರಿಲ್ಲ. ಹಾಗಾಗಿ ಇನ್ನೂರು ಜೀವಂತ ಗೂಡುಗಳನ್ನು ವಾರಕ್ಕೂ ಮೇಲೆ ಮನೆಯಲ್ಲಿ ತೂಗುಹಾಕಿಕೊಂಡರೆ ಏನಾದೀತು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಬೇರೆ ಊರಿನವರಾಗಿದ್ದರೆ ಕೇಳುತ್ತಿದ್ದರು. ದಿನ ಎಣಿಸಬೇಕಾಗಿದ್ದವನು ಲೆಕ್ಕದ ಮೇಷ್ಟ್ರು. ಅವನು ಟೋಪಿಯ ಹೊಲಿಗೆ ನೋಡಿಕೊಂಡು ಹಿಗ್ಗುತ್ತಿದ್ದ.

ನನಗೆ ಅಳು ಬರುವಂತಾಗಿತ್ತು. ಕಾರ್ಯಕ್ರಮಕ್ಕೆ ಇನ್ನು ಮೂರು ಗಂಟೆ. ಮಾನ್ಯ ಕಣ್ಣುಜ್ಜಿಕೊಂಡು ಬಂದಳು. ಈಗ ಇದನ್ನು ನೋಡಿ ಚೀರಿ ಅಜ್ಜಿಯ ಸೆರಗಿಗೆ ಓಡುತ್ತಾಳೆ, ನನ್ನ ಪ್ರಾಮಿಸ್ಸೂ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅವಳು ಹತ್ತಿರ ಹೋಗಿ ನಿಂತಳು. ಬಹಳ ಹೊತ್ತು ನೋಡಿದಳು. ಒಂದು ಚಿಟ್ಟೆಯ ಮುಂದೆ ಬೆರಳಿಟ್ಟಳು. ಅದು ಹತ್ತಿ ಕೂತಿತು.

"ತಾತ, ಇವು ಹಾರಿಹೋಗಲ್ವಾ?"

"ಇಲ್ಲಮ್ಮ. ಇವಕ್ಕೆ ಹಾರಕ್ಕೆ ಬರಲ್ಲ."

"ಹಂಗಾದ್ರೆ ಟೋಪಿ ಕತ್ತರಿಸು. ಮುಖ ಮುಚ್ಚಿದ್ರೆ ನಂಗೆ ಇವು ಕಾಣಲ್ಲ. ಬಿದ್ದುಹೋದ್ರೆ ಯಾರು ನೋಡ್ಕೊಳ್ತಾರೆ?"

ಐದು ಸಲ ಬಿಚ್ಚಿ ಹೊಲಿದ ಆ ಇಡೀ ವೇಷದಲ್ಲಿ ನೇರವಾಗಿದ್ದದ್ದು ಟೋಪಿಯೊಂದೇ. ಅದನ್ನೇ ಕತ್ತರಿಸಬೇಕಂತೆ. ನಾನು ಸರೋಜಳ ಮುಖ ನೋಡಿದೆ. ಅವಳು ಎಡಗೈಯಲ್ಲಿ ಕತ್ತರಿ ತಂದು ನನ್ನ ಕೈಗಿಟ್ಟಳು.

ಹತ್ತು ಗಂಟೆಗೆ ಮಾನ್ಯ ವೇದಿಕೆಗೆ ಹೋದಳು. ಮುಖ ಬಟಾಬಯಲು. ಮೈಮೇಲೆ ಅರವತ್ತೋ ಎಪ್ಪತ್ತೋ ಚಿಟ್ಟೆಗಳು. ನಾಲ್ಕು ವಾಕ್ಯ ಬಾಯಿಪಾಠ ಮಾಡಿಸಿದ್ದೆವು, ಒಂದನ್ನೂ ಹೇಳಲಿಲ್ಲ. ಎದುರಿಗೆ ಕೂತ ಇಡೀ ಊರನ್ನು ಒಮ್ಮೆ ನೋಡಿದಳು. "ಫ್ಯಾನ್ ಆರಿಸಿ. ಇವಕ್ಕೆ ರೆಕ್ಕೆ ಇನ್ನೂ ಒಣಗಿಲ್ಲ" ಎಂದಳು, ಗಟ್ಟಿಯಾಗಿ. ಯಾರೋ ಓಡಿಹೋಗಿ ಫ್ಯಾನ್ ಆರಿಸಿದರು. ಆಮೇಲೆ ನಡೆದದ್ದು ನಾನು ಎಣಿಸದೇ ಇದ್ದದ್ದು. ಹುಳ ಸಾಕಿದವರು, ಗೂಡು ಮಾರಿದವರು, ನೂಲು ಬಿಚ್ಚಿದವರು ಕುರ್ಚಿ ಬಿಟ್ಟು ಎದ್ದು ವೇದಿಕೆಯ ಹತ್ತಿರ ಬಂದು ನಿಂತರು. ಯಾರೂ ನಗಲಿಲ್ಲ. ಮಾನ್ಯ ಒಬ್ಬೊಬ್ಬರಿಗೂ ಬಗ್ಗಿ ತೋರಿಸುತ್ತಾ, "ಮುಟ್ಟಬೇಡಿ, ಬರೀ ನೋಡಿ" ಎನ್ನುತ್ತಿದ್ದಳು. ಮುನಿರಾಜು ನನ್ನ ಪಕ್ಕದಲ್ಲಿದ್ದ. "ಭಾವ, ನಲವತ್ತು ವರ್ಷ ಆಯ್ತು ಗೂಡು ಮಾರ್ತಾ. ಒಳಗಿಂದ ಏನು ಬರುತ್ತೆ ಅಂತ ನೋಡಿದ್ದು ಇವತ್ತೇ" ಎಂದ.

ಮನೆಗೆ ಬಂದ ಮೇಲೆ ಕತ್ತರಿಸಿದ ಟೋಪಿಯನ್ನಾದರೂ ಎತ್ತಿಡೋಣ ಎಂದು ಹುಡುಕಿದರೆ, ಬೆಳಗ್ಗೆ ಅದರ ಮೇಲೆ ಉಳಿದಿದ್ದ ಚಿಟ್ಟೆಗಳು ಸಂಜೆಯ ಹೊತ್ತಿಗೆ ಅದರ ತುಂಬ ಸಾಸಿವೆಗಿಂತ ಸಣ್ಣ ಮೊಟ್ಟೆಗಳನ್ನಿಟ್ಟಿದ್ದವು, ನನ್ನ ನೇರ ಹೊಲಿಗೆಯ ಉದ್ದಕ್ಕೂ. ಒಡೆಯಲು ಹತ್ತು ದಿನ ಬೇಕೆಂದು ಮುನಿರಾಜು ಹೇಳಿದ. ಈ ಸಲ ದಿನ ಎಣಿಸುವ ಕೆಲಸವನ್ನು ಮಾನ್ಯ ನನಗೆ ಬಿಟ್ಟಿಲ್ಲ; ಕ್ಯಾಲೆಂಡರಿನಲ್ಲಿ ತಾನೇ ಗುರುತು ಹಾಕುತ್ತಿದ್ದಾಳೆ. ಸಂಜೆ ಬಾಗಿಲಲ್ಲಿ ನಿಂತು ದಾರಿಯಲ್ಲಿ ಹೋಗುವವರನ್ನೆಲ್ಲ, ಗುರುತಿರಲಿ ಬಿಡಲಿ, ಕೂಗಿ ಕರೆದು ಒಳಗೆ ತಂದು ಟೋಪಿ ತೋರಿಸುತ್ತಾಳೆ. ಬಂದವರು ಬಗ್ಗಿ ಮೊಟ್ಟೆ ನೋಡುತ್ತಾರೆ, ಅವಳ ಹೆಸರು ಕೇಳುತ್ತಾರೆ, ಅವಳು ಹೇಳುತ್ತಾಳೆ. ಹೊಲಿಗೆ ಯಾರದೆಂದು ಇಲ್ಲಿಯವರೆಗೆ ಒಬ್ಬರೂ ಕೇಳಿಲ್ಲ.