ದೇವರ ಎತ್ತುಗಳಿಗೆ ಗೇಟು ತೆಗೆಸಿದ್ದು

ನಮ್ಮ ಮನೆಯಲ್ಲಿ ನನಗೆ ಅನುಮಾನದ ಪಿಶಾಚಿ ಎಂದೇ ಹೆಸರು. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸಿದವರ ಮಗಳು ನಾನು. ಶೇಂಗಾ ಮೂಟೆ ಬಂದರೆ ಮೇಲಿನ ಒಂದು ಹಿಡಿ ನೋಡಿ ತಲೆಯಾಡಿಸುವವರಲ್ಲ ನಾವು, ತಳದವರೆಗೂ ಕೈ ತೂರಿಸಿ ನೋಡುವವರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಾರುಕಟ್ಟೆಯ ಹಮಾಲರು, ದಲ್ಲಾಳಿಗಳ ಬಾಯಿಂದ ಕಲಿತ, ಉರ್ದು ಬೆರೆತ ಒಂದು ಹಿಂದಿಯೂ ನನಗೆ ಬರುತ್ತಿತ್ತು. ಆ ವರ್ಷ ಮಳೆ ಹುಚ್ಚು ಹಿಡಿದಂತೆ ಸುರಿದು ನಮ್ಮ ಕಡೆಯ ಕೆರೆಗಳೆಲ್ಲ ಕೋಡಿ ಬಿದ್ದಾಗ, ನಾನು ಕೆಲಸ ಮಾಡುತ್ತಿದ್ದ ಪರಿಹಾರ ಸಂಸ್ಥೆಯವರು ಸೈನ್ಯದವರ ಜೊತೆ ಮಾತಾಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದು ಆ ಹಿಂದಿಯ ದೆಸೆಯಿಂದ. ಅದಕ್ಕೆ ಅವರಿಟ್ಟ ಹೆಸರು ಸಮನ್ವಯ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಆ ಎರಡರ ನಡುವೆ ನೊಗ ಹಿಡಿದು ನಿಲ್ಲುವ ಕೆಲಸಕ್ಕೆ ಅಷ್ಟು ಚೆಂದದ ಹೆಸರು.

ನಮ್ಮ ತಂಡದ ಮುಖ್ಯಸ್ಥೆ ಹೊರಗಿನಿಂದ ಬಂದ ಹೆಂಗಸು, ಇಂಥ ಕೆಲಸದಲ್ಲಿ ಪಳಗಿದವಳು. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಹೇಳಿದಳು. ಸೈನ್ಯದ ದೋಣಿ ಜನರನ್ನು ದಾಟಿಸಲಿ, ಎಲ್ಲೆಲ್ಲಿ ಯಾರಿದ್ದಾರೆ ಎಂದು ನಾವು ತಿಳಿಸೋಣ, ಆದರೆ ನಮ್ಮ ಅಕ್ಕಿಬೇಳೆ ಅವರ ಲಾರಿಯಲ್ಲಿ ಹೋಗಬಾರದು. ಅವರ ಗಾಡಿ, ದೋಣಿ ಹತ್ತಬೇಡ, ಅವರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಬೇಡ. ಅವರೂ ನಾವೂ ಒಂದೇ ಎಂದು ಜನ ತಿಳಿದರೆ ನಾಳೆ ನಮಗೆ ಯಾರೂ ಬಾಗಿಲು ತೆಗೆಯುವುದಿಲ್ಲ. ಇದು ನನಗೆ ಅತಿಯಾಯಿತು ಅನ್ನಿಸಿತು. ಇದೇನು ಯುದ್ಧವೇ, ಮಳೆ ತಾನೇ ಎಂದುಕೊಂಡೆ.

ದೊಡ್ಡಉಳ್ಳಾರ್ತಿಯ ಕಡೆ ಹೋದ ಮೇಲೆ ಹಾಗೆ ಅಂದುಕೊಳ್ಳುವುದನ್ನು ಬಿಟ್ಟೆ. ಅಲ್ಲಿನ ಕಾವಲು ತಲೆಮಾರುಗಳಿಂದ ದನ ಕುರಿ ಮೇಯ್ದ ಹುಲ್ಲುಗಾವಲು. ಈಚೆಗೆ ಅದರೊಳಗೆ ಸರ್ಕಾರಿ ಸಂಶೋಧನಾ ಸಂಸ್ಥೆಗಳ ಕ್ಯಾಂಪಸ್ಸುಗಳು ಬಂದವು, ಬೇಲಿ ಬಂತು, ಗೇಟು ಬಂತು, ಗೇಟಿಗೆ ಗಾರ್ಡುಗಳು ಬಂದರು. ಯಾವ ಖಾಕಿ ಯಾರದು, ಯಾವ ಹಸಿರು ಸಮವಸ್ತ್ರ ಯಾವ ಇಲಾಖೆಯದು ಎಂಬ ಗೊಡವೆ ದನ ಕಾಯುವವರಿಗೆ ಇರಲಿಲ್ಲ. ಸಮವಸ್ತ್ರ ಎಂದರೆ ಬೇಲಿ, ಅಷ್ಟೆ. ನೀರಿನಿಂದ ಎತ್ತಿಕೊಂಡು ಹೋಗಲು ದೋಣಿ ಬಂದರೆ ಅವರು ಮೊದಲು ನೋಡಿದ್ದು ದೋಣಿಯನ್ನಲ್ಲ, ಅದರಲ್ಲಿದ್ದವರ ಅಂಗಿಯನ್ನು.

ಸೈನ್ಯದ ತುಕಡಿಯ ಮೇಜರ್ ಚಿಕ್ಕ ವಯಸ್ಸಿನವನು, ಉತ್ತರದ ಕಡೆಯವನು. ಶಾಲೆಯ ಕೋಣೆಯೊಂದರಲ್ಲಿ ನಕ್ಷೆ ಹರಡಿಕೊಂಡು ಕೂತಿದ್ದ. ನಾನು ಹೋಗಿ ಮಾತಾಡಿದಾಗ ನಗು ತಡೆದುಕೊಂಡು, "ಮೇಡಂ, ನಿಮ್ಮ ಹಿಂದಿ ಕೇಳಿದರೆ ನನ್ನ ಹತ್ತಿರ ಏನೋ ವ್ಯಾಪಾರಕ್ಕೆ ಬಂದ ಹಾಗಿದೆ" ಎಂದ. ನಕ್ಕ ಬಾಯಲ್ಲೇ ನಿಮ್ಮ ಸಂಸ್ಥೆಗೆ ಹಣ ಎಲ್ಲಿಂದ ಬರುತ್ತದೆ, ಬೇಲಿಯ ಹತ್ತಿರ ನಿಮ್ಮವರು ಫೋನು ಹಿಡಿದು ಏಕೆ ನಿಂತಿದ್ದರು ಎಂದೂ ಕೇಳಿದ. ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ ಎಂದೆ. ಅವನು ನಂಬಲಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ನಾನೂ ನಂಬುತ್ತಿರಲಿಲ್ಲ, ಹಾಗಾಗಿ ಆ ಹುಡುಗನ ಮೇಲೆ ನನಗೆ ಒಂದು ಬಗೆಯ ಗೌರವವೇ ಹುಟ್ಟಿತು.

ಹಳ್ಳದ ಆಚೆ ಒಂದು ಹಟ್ಟಿ ಇತ್ತು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಜನ, ಮೊಳಕಾಲ್ಮೂರು ಸೀಮೆಯವರೆಗೂ ಅವರ ನೆಂಟರಿದ್ದಾರೆ. ಹೆಂಗಸರು, ಮಕ್ಕಳು, ಗಂಡಸರು ಎಲ್ಲರನ್ನೂ ಹೇಗೋ ಒಪ್ಪಿಸಿ ಈಚೆಯ ಶಾಲೆಗೆ ದಾಟಿಸಿದ್ದಾಯಿತು. ಒಬ್ಬ ಮುದುಕ ಮಾತ್ರ ಬರಲೊಲ್ಲ. ಅವನು ಹಟ್ಟಿಯ ಕಿಲಾರಿ, ಎಂದರೆ ದೇವರ ಎತ್ತುಗಳನ್ನು ಕಾಯುವವನು. ಆ ಎತ್ತುಗಳು ಉಳುವುದಿಲ್ಲ, ಗಾಡಿ ಎಳೆಯುವುದಿಲ್ಲ, ಅವನ್ನು ಮಾರುವಂತೆಯೂ ಇಲ್ಲ. ದೇವರಿಗೆ ಬಿಟ್ಟವು, ಹಟ್ಟಿಯವರಿಗೆ ಅವೇ ದೇವರು. ದೋಣಿಯಲ್ಲಿ ಮನುಷ್ಯರನ್ನು ದಾಟಿಸಬಹುದು, ಅಷ್ಟು ಎತ್ತುಗಳನ್ನು ದಾಟಿಸುವುದು ಹೇಗೆ?

ದೋಣಿ ಹತ್ತಬೇಡ ಎಂಬ ಮಾತು ನೆನಪಿದ್ದರೂ ಹತ್ತಿ ಹೋದೆ, ಬೇರೆ ದಾರಿ ಇರಲಿಲ್ಲ. ಹಟ್ಟಿಯ ದಿಬ್ಬದ ಹತ್ತಿರ ನಾನು ದೋಣಿಯಿಂದ ಇಳಿದಾಗ ಮುದುಕ ಮೊಣಕಾಲುದ್ದ ನೀರಿನಲ್ಲಿ ನಿಂತು ನನ್ನನ್ನೂ ನನ್ನ ಹಿಂದಿನ ಜವಾನರನ್ನೂ ನೋಡಿದ.

"ನೀನು ಯಾರ ಕಡೆಯಾಕಿ ತಾಯಿ?" ಎಂದ.

"ಅಕ್ಕಿ ಕೊಡೋರ ಕಡೆ, ಅಜ್ಜಾ. ಚಳ್ಳಕೆರೆಯವಳು."

"ಅವ್ರ ದೋಣ್ಯಾಗೆ ಬಂದೀಯಲ್ಲ?"

ನಾನು ಮಾತು ತಿರುಗಿಸಿದೆ. ಮೇಲಿನ ದೊಡ್ಡ ಕೆರೆಯ ಏರಿ ಬಿರುಕು ಬಿಟ್ಟಿದೆ, ಅದು ಒಡೆದರೆ ಈ ದಿಬ್ಬ ಉಳಿಯುವುದಿಲ್ಲ ಎಂದು ಹೇಳಿದೆ.

"ನಾನು ಹೋದ್ರೆ ಇವು ನೀರಿಗೆ ಹೋಗ್ತಾವೆ. ಇವು ಹೋದ್ಮೇಲೆ ನಾನು ಇದ್ದು ಏನ್ ಮಾಡ್ಲಿ?" ಎಂದ. ಆಮೇಲೆ ತಾನೇ ಕೈಯೆತ್ತಿ ಬಡಗಣ ದಿಕ್ಕಿಗೆ ತೋರಿಸಿದ. "ಎತ್ತರ ಇರಾದು ಅದೊಂದೇ ತಾಯಿ. ಅಲ್ಲಿಗೆ ಬಿಡಾಕೆ ಹೇಳು. ನಡಸ್ಕಂಡು ಹೋಗ್ತೀನಿ."

ಅವನು ತೋರಿಸಿದ್ದು ಬೇಲಿಯೊಳಗಿನ ಕಾವಲನ್ನು. ನನ್ನೊಳಗಿನ ಪಿಶಾಚಿ ಕೂಡಲೇ ಎದ್ದು ಕೂತಿತು. ವರ್ಷಗಳಿಂದ ಒಳಗೆ ಹೋಗಲು ಹಂಬಲಿಸಿದ ಮುದುಕ ಈಗ ನೀರಿನ ನೆಪ ಸಿಕ್ಕಿತೆಂದು ಕಾದು ಕೂತಿದ್ದಾನೆಯೇ? ನೀರು ಮಾತ್ರ ನೆಪವಾಗಿರಲಿಲ್ಲ. ನಾವು ಮಾತಾಡುತ್ತಿದ್ದಂತೆಯೇ ಅದು ನನ್ನ ಸೀರೆಯ ಅಂಚಿನಿಂದ ಮೇಲೇರುತ್ತಿತ್ತು.

ಗೇಟು ಸೈನ್ಯದ್ದಲ್ಲ, ಒಳಗಿನ ಕ್ಯಾಂಪಸ್ಸಿನದು. ಅಲ್ಲಿನ ಸೆಕ್ಯುರಿಟಿ ಸಾಹೇಬರು ನಮ್ಮ ಜಿಲ್ಲೆಯವರೇ, ವಯಸ್ಸಾದವರು. ಮೇಜರ್ ತನ್ನ ಜೀಪಿನಲ್ಲಿ ಬಂದ, ನಾನು ನಮ್ಮ ಟ್ರಾಕ್ಟರಿನಲ್ಲಿ ಬಂದೆ. ಒಂದೇ ದಾರಿಯಲ್ಲಿ, ಒಂದೇ ಕೆಲಸಕ್ಕೆ, ಹಿಂದೆ ಮುಂದೆ. ನೋಡಿದವರು ನಕ್ಕಿರಬೇಕು.

"ಒಂದ್ಸಲ ಒಳಗೆ ಬಂದ್ರೆ ಇವ್ರು ಹೊರಗೆ ಹೋಗಲ್ಲ ಮೇಡಂ," ಎಂದರು ಸಾಹೇಬರು. "ಇವತ್ತು ಎತ್ತು, ನಾಳೆ ಗುಡಿಸ್ಲು, ನಾಡಿದ್ದು ಗುಡಿ. ಆಮೇಲೆ ಕೋರ್ಟು. ನನ್ ನೌಕ್ರಿ ಹೋಗತ್ತೆ."

"ಎತ್ತುಗಳು ಮುಳುಗಿ ಸತ್ತರೆ?" ಎಂದೆ.

"ನಾನು ಮುಳುಗಿಸಿದ್ನಾ?"

ಮೇಜರ್ ನನ್ನಿಂದ ಎಲ್ಲವನ್ನೂ ಹಿಂದಿಯಲ್ಲಿ ಕೇಳಿಸಿಕೊಂಡ. ಫೋನುಗಳಾದವು. ಮೇಲಿನವರು ಅವರ ಮೇಲಿನವರನ್ನು ಕೇಳಿದರು. ಕೊನೆಗೆ ಸಾಹೇಬರು ಒಂದು ದಾರಿಗೆ ಬಂದರು. ಮುದುಕ ಎಲ್ಲರೆದುರು ನಿಂತು, ಈ ಜಾಗ ನಮ್ಮದಲ್ಲ, ನೀರು ಇಳಿದ ಮೇಲೆ ಹೋಗುತ್ತೇವೆ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಗೇಟು ತೆಗೆಯುತ್ತಾರೆ.

ಅಷ್ಟು ಹೊತ್ತಿಗೆ ಮುದುಕ ಎತ್ತುಗಳನ್ನು ಆಳ ಕಡಿಮೆ ಇದ್ದ ಕಡೆಯಿಂದ ನೀರಿನಲ್ಲೇ ನಡೆಸಿಕೊಂಡು ಗೇಟಿನ ಹತ್ತಿರ ಬಂದಿದ್ದ. ತಾನು ಮುಂದೆ, ಅವು ಹಿಂದೆ. "ರಾ ನಾಯನಾ, ರಾ ರಾ" ಎಂದು ಮಗುವನ್ನು ಕರೆಯುವಂತೆ ತೆಲುಗಿನಲ್ಲಿ ಕರೆಯುತ್ತಿದ್ದ. ಹಟ್ಟಿಯ ಹಲವರು ಶಾಲೆಯಿಂದ ಎದ್ದು ಬಂದು ರಸ್ತೆಯ ಪಕ್ಕ ನಿಂತಿದ್ದರು. ಸಾಹೇಬರು ಕೇಳಿದ್ದನ್ನು ನಾನು ಅವನಿಗೆ ಹೇಳಿದೆ. ಹೇಳುವಾಗ ನನಗೇ ನಾಚಿಕೆಯಾಯಿತು. ಹಟ್ಟಿಯವರಲ್ಲಿ ಗುಜುಗುಜು ಎದ್ದಿತು. "ಹೇಳ್ಬ್ಯಾಡ ಮಾವಾ, ಫೋನ್ನಾಗೆ ಹಿಡ್ಕಂತಾರೆ," ಎಂದು ಒಬ್ಬ ಕೂಗಿದ. ನಿಜಕ್ಕೂ ಒಬ್ಬ ಗಾರ್ಡು ಫೋನು ಎತ್ತಿ ಹಿಡಿದಿದ್ದ.

ಮುದುಕ ನೀರಿನ ಕಡೆ ಒಮ್ಮೆ ನೋಡಿದ. "ನಮ್ದಲ್ಲ," ಎಂದ. "ನೀರು ಇಳಿದ ದಿನ ಹೊಂಡ್ತೀವಿ."

ಮೇಜರ್ ನನ್ನ ಕಡೆ ತಿರುಗಿ, ಈತ ಮಾತು ಕೊಟ್ಟ, ಈತನ ಮಾತಿಗೆ ನನ್ನ ಮಾತು ಜಾಮೀನು ಎಂದು ಸಾಹೇಬರಿಗೆ ಹೇಳಿ ಎಂದ. ಕನ್ನಡದಲ್ಲಿ ಹೇಳಿದೆ, ಮುದುಕನಿಗೂ ಕೇಳಿಸಿತು. ಈ ಹುಡುಗನಿಗೆ ಇದರಿಂದ ಏನು ಲಾಭ ಎಂದು ನನ್ನ ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಇವತ್ತಿಗೂ ಆ ಲೆಕ್ಕ ಬಗೆಹರಿದಿಲ್ಲ.

ಗೇಟು ತೆರೆಯಿತು. ಮುದುಕ ಎರಡು ಹೆಜ್ಜೆ ಇಟ್ಟವನು ನಿಂತುಬಿಟ್ಟ. ಹಿಂದೆ ಎತ್ತುಗಳೂ ನಿಂತವು. ಗಾರ್ಡುಗಳ ಕೋಣೆಯ ಸಜ್ಜದ ಕೆಳಗೆ ಮಳೆಗೆ ಮುದುರಿಕೊಂಡು ಕೋಳಿಗಳು ಕೂತಿದ್ದವು. ಗಾರ್ಡುಗಳು ಮೊಟ್ಟೆಗೆಂದು ಸಾಕಿಕೊಂಡವು.

ಆ ಹಟ್ಟಿಯವರು ಕೋಳಿ ತಿನ್ನುವುದಿಲ್ಲ, ಸಾಕುವುದಿಲ್ಲ, ಹಟ್ಟಿಯ ಒಳಕ್ಕೆ ಬಿಡುವುದೇ ಇಲ್ಲ. ದೇವರ ಎತ್ತುಗಳ ದಾರಿಯಲ್ಲಂತೂ ಕೋಳಿ ಸುಳಿಯುವಂತಿಲ್ಲ.

"ಬೇಕಂತ್ಲೇ ಬಿಟ್ಟವ್ರೆ ನೋಡ್ರಿ!" ಎಂದು ಹಟ್ಟಿಯ ಹೆಂಗಸೊಬ್ಬಳು ಕಿರುಚಿದಳು. "ನಾವು ಬರಬಾರ್ದು ಅಂತ್ಲೇ ಕೋಳಿ ತಂದು ಕೂರ್ಸವ್ರೆ!"

"ನಾಟ್ಕ, ನಾಟ್ಕ," ಎಂದರು ಸಾಹೇಬರು. "ಆ ಕಡೆ ಬೇಲಿ ಕಿತ್ತು ಬೇರೆ ದಾರಿ ಮಾಡ್ಕಂಬೇಕು ಅಂತ ಪ್ಲಾನು."

ಮೇಜರ್‌ಗೆ ಅರ್ಥವಾಗಲಿಲ್ಲ. ನೀರು ಬೆನ್ನಟ್ಟಿ ಬರುತ್ತಿರುವಾಗ ತೆರೆದ ಗೇಟಿನಲ್ಲಿ ಯಾಕೆ ನಿಂತಿದ್ದಾನೆ, ಯಾರಾದರೂ ನಿಲ್ಲು ಎಂದು ಹೇಳಿದ್ದಾರೆಯೇ ಎಂದು ನನ್ನ ಮುಖವನ್ನೇ ದಿಟ್ಟಿಸಿದ. ಆ ಯಾರಾದರೂ ನಾನೇ ಎಂದು ಅವನ ಕಣ್ಣು ಹೇಳುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. "ಕೋಳಿ, ಸಾಹೇಬ್, ಕೋಳಿ! ಅದನ್ನು ಅಲ್ಲಿಂದ ತೆಗೆಸಿ, ಅಷ್ಟೇ!" ಎಂದು ಮಂಡಿಯಲ್ಲಿ ದಲ್ಲಾಳಿಗೆ ಕೂಗುವ ಹಾಗೆ ಕೂಗಿದೆ.

ಅವನು ಒಂದು ಗಳಿಗೆ ನನ್ನನ್ನು ನೋಡಿದ. ಆಮೇಲೆ ಜವಾನರಿಗೆ ಏನೋ ಹೇಳಿ ತಾನೇ ಮುಂದೆ ನುಗ್ಗಿದ. ಕೆಸರಿನಲ್ಲಿ ಜಾರುತ್ತ, ಬೀಳುತ್ತ, ಬೈಯುತ್ತ ಸೈನ್ಯದವರು ಕೋಳಿ ಹಿಡಿಯುವುದನ್ನು ನೋಡಿ ಹಟ್ಟಿಯವರಲ್ಲೂ ನಗು ಎದ್ದಿತು. ಹಿಡಿದ ಕೋಳಿಗಳನ್ನೆಲ್ಲ ಜೀಪಿನಲ್ಲಿ ತುಂಬಿ ದೂರ ಕಳಿಸಿದರು. ಹಟ್ಟಿಯ ಮುದುಕಿಯೊಬ್ಬಳು ಆ ಜಾಗಕ್ಕೆ ಅರಿಸಿನದ ನೀರು ಚಿಮುಕಿಸಿದಳು. ಎತ್ತುಗಳು ಒಳಗೆ ನಡೆದವು. ಸಂಜೆಯ ಹೊತ್ತಿಗೆ ಮೇಲಿನ ಕೆರೆ ಒಡೆಯಿತು, ದಿಬ್ಬ ಕಾಣದಾಯಿತು.

ಮಳೆ ನಿಂತು, ನೀರು ಇಳಿದು, ಹಟ್ಟಿಯ ದಾರಿ ಗಟ್ಟಿಯಾಗುವ ಹೊತ್ತಿಗೆ ಮೇಜರ್‌ನ ತುಕಡಿ ರಾಂಪುರದ ಮೇಲೆ ಬಳ್ಳಾರಿಯ ಕಡೆ ಹೋಗಿಯಾಗಿತ್ತು. ಎತ್ತುಗಳು ಹೊರಡುವ ದಿನ ನಾನೂ ಗೇಟಿಗೆ ಹೋದೆ. ಮಳೆ ಕುಡಿದ ಹುಲ್ಲು ಮೊಣಕಾಲಿಗೆ ಬರುತ್ತಿತ್ತು, ಅದರ ನಡುವೆ ಎತ್ತುಗಳು ಆರಾಮವಾಗಿ ಮಲಗಿದ್ದವು. ಮುದುಕ ಕರೆದ. ಯಾವುದೂ ಏಳಲಿಲ್ಲ. ಇನ್ನಷ್ಟು ಹತ್ತಿರ ಹೋಗಿ ಕರೆದ. ಮುಂದೆ ನಡೆಯುವ ಹಿರಿಯ ಎತ್ತು ಕಿವಿಯಾಡಿಸಿ, ಮೆಲುಕು ಹಾಕುತ್ತ ಸುಮ್ಮನಿತ್ತು.

"ದೇವ್ರಿಗೇ ಹೋಗಾಕೆ ಇಷ್ಟ ಇಲ್ಲ!" ಎಂದು ಹಟ್ಟಿಯವರು ಹಿಗ್ಗಿದರು.

"ನಾನು ಹೇಳಿರ್ಲಿಲ್ವಾ?" ಎಂದು ಸಾಹೇಬರು ನನ್ನನ್ನು ನೋಡಿದರು.

ನಾನು ಮುದುಕನನ್ನು ನೋಡಿದೆ. ಹೇಗೆ ಕರೆದರೆ ಅವು ಏಳುವುದಿಲ್ಲ ಎಂಬುದೂ ಕಿಲಾರಿಗೆ ಗೊತ್ತಿರುತ್ತದಲ್ಲವೇ ಎಂದು ನನಗನ್ನಿಸಿತು. ಗಾರ್ಡುಗಳು ಲಾಠಿ ಹಿಡಿದು ಮುಂದೆ ಬಂದರು, ನಾವೇ ಎಬ್ಬಿಸುತ್ತೇವೆ ಎಂದರು. ಹಟ್ಟಿಯವರು ಅಡ್ಡ ನಿಂತರು. ದೇವರ ಎತ್ತಿನ ಮೇಲೆ ಹುಟ್ಟಿದಂದಿನಿಂದ ಸಾಯುವವರೆಗೂ ಯಾರೂ ಕೋಲೆತ್ತುವುದಿಲ್ಲ. ಎತ್ತಿದರೆ ಅಲ್ಲಿ ತಲೆಗಳು ಒಡೆಯುತ್ತಿದ್ದವು, ಅದರಲ್ಲಿ ಅನುಮಾನವಿರಲಿಲ್ಲ.

ಮುದುಕ ಎರಡೂ ಕಡೆಯವರ ನಡುವೆ ಬಂದ. "ಆ ಹುಡುಗ ನನ್ ಮಾತಿಗೆ ತನ್ ಮಾತು ಇಟ್ಟು ಹೋಗವ್ನೆ," ಎಂದ, ಯಾರಿಗೆ ಎಂದಿಲ್ಲ. ಹತ್ತಿರ ನಿಂತಿದ್ದ ಗಾರ್ಡಿನ ಕೈಯಿಂದ ಲಾಠಿ ತೆಗೆದುಕೊಂಡ. ಹಿರಿಯ ಎತ್ತಿನ ಹಿಂದೆ ಹೋಗಿ ನಿಂತ. ಹೊಡೆದ.

ಎತ್ತು ಎದ್ದಿತು, ಉಳಿದವೂ ಎದ್ದವು. ಅವು ಗೇಟು ದಾಟಿ ಹೋಗುವಾಗ ಅವನು ಮುಂದೆ ನಡೆಯಲಿಲ್ಲ, ಎಲ್ಲರ ಹಿಂದೆ ದೂರದಲ್ಲಿ ಬಂದ. ನನಗೆ ಅಳು ತಡೆಯಲಾಗಲಿಲ್ಲ. ನಮ್ಮ ಮುಖ್ಯಸ್ಥೆಗೆ ಫೋನು ಮಾಡಿ ಎತ್ತುಗಳು ಹೊರಬಂದವು ಎಂದೆ. ಸಮನ್ವಯ ಚೆನ್ನಾಗಾಯಿತು ಎಂದಳು.

ಮುಂದೆ ಕೆಲವು ತಿಂಗಳು ಕಳೆದು ಹಟ್ಟಿಗೆ ಹೋದೆ. ಕಿಲಾರಿಯ ಕೆಲಸ ಬೇರೆಯವನಿಗೆ ಹೋಗಿತ್ತು. ಹಟ್ಟಿಯವರು ಮುದುಕನನ್ನು ಬಿಡಿಸಿರಲಿಲ್ಲ, ತಾನೇ ಬಿಟ್ಟಿದ್ದ. ತಪ್ಪು ಕಾಣಿಕೆ ಕೊಟ್ಟು ಶುದ್ಧಿ ಮಾಡಿಸಿಕೊಂಡರೆ ಸಾಕು ಎಂದು ಹಿರಿಯರು ಹೇಳಿದರೂ ಕೇಳಲಿಲ್ಲವಂತೆ. ಅವನು ಶೇಂಗಾ ಹೊಲವೊಂದರಲ್ಲಿ ಕೂಲಿಗೆ ಹೋಗಿದ್ದ, ಬದುವಿನ ಮೇಲೆ ಸಿಕ್ಕಿದ.

"ಯಾಕಜ್ಜಾ ಬಿಟ್ಟೆ? ಹೊಡೆದದ್ದಕ್ಕೆ ದೇವರು ಮುನಿಸಿಕೊಂಡ ಅಂತಲೇ?"

"ಮುನಿಸ್ಕಂಡಿದ್ರೆ ತಡ್ಕಂತಿದ್ದೆ ತಾಯಿ," ಎಂದ. "ಏಟು ಬಿದ್ದಾಗ ಅದು ತಿರುಗಿ ಗಾರ್ಡಿನ ಕಡೆ ನೋಡ್ತು. ನಾನೇ ಹೊಡ್ದೆ ಅಂತ ಅದಕ್ಕೆ ಅನುಮಾನಾನೇ ಬರ್ಲಿಲ್ಲ. ಹಟ್ಟಿಗೆ ಬಂದ್ಮೇಲೆ ನನ್ ಕೈ ನೆಕ್ಕಾಕೆ ಬಂತು."